ಐದು ಐಪಿ, ಮೂರು ಖಾಲಿ

ನಮ್ಮ ಮನೆಗೆ ಐದು ವಿಳಾಸಗಳಿವೆ. ನವನಗರದಲ್ಲಿ ಒಂದು ಸಣ್ಣ ಸೈಟು, ಅದರ ಮೇಲೆ ಎರಡು ಕೋಣೆಯ ಮನೆ, ಅದಕ್ಕೆ ಐದು ವಿಳಾಸ! ಅಂಚೆಯವನಿಗೆ ಇರುವ ಒಂದೇ ವಿಳಾಸ ಇವತ್ತಿಗೂ ನೆಟ್ಟಗೆ ಸಿಗುವುದಿಲ್ಲ, ನಮ್ಮ ಕಾಗದಗಳನ್ನು ಹಿಂದಿನ ಕ್ರಾಸಿನ ಮನೆಗೆ ಹಾಕಿ ಹೋಗುತ್ತಾನೆ. ಇಂಟರ್ನೆಟ್ಟಿನ ಲೋಕದಲ್ಲಿ ಮಾತ್ರ ನಾವು ಐದು ಬಾಗಿಲಿನ ವಾಡೆಯ ಜನ.

ಈ ದೊಡ್ಡಸ್ತಿಕೆ ಬಂದದ್ದು ನನ್ನ ಸೊಸೆಯಿಂದ. ಹುಡುಗ ಹುಟ್ಟಿದ ಮೇಲೆ ಏಳು ವರ್ಷ ಮನೆಯಲ್ಲೇ ಇದ್ದವಳು ಒಂದು ದಿನ ಯಾರಿಗೂ ಹೇಳದೆ ಯಾವುದೋ ಕಂಪನಿಯ ಪರೀಕ್ಷೆ ಬರೆದು ಪಾಸಾಗಿ ಬಂದಳು. ಡಾಕ್ಟರುಗಳು ಹೇಳುವುದನ್ನು ಕಿವಿಯಲ್ಲಿ ಕೇಳುತ್ತ ಅದೇ ಹೊತ್ತಿಗೆ ಟೈಪು ಮಾಡುವ ಕೆಲಸ, ಮನೆಯಲ್ಲೇ ಕೂತು ಮಾಡಬಹುದು. ಮೊದಲ ಆರು ದಿನ ಪರೀಕ್ಷೆಯ ದಿನಗಳು. ಆ ಆರು ದಿನ ಲೈನು ಗಟ್ಟಿಯಾಗಿ ನಿಂತರೆ ಕೆಲಸ ಕಾಯಂ. ಮೇಲಿಂದ ಮೇಲೆ ಕಡಿದರೆ ಕೈಮುಗಿದು ಕಳಿಸುತ್ತಾರೆ. ನನ್ನ ಮಗ ಗದಗಿನಲ್ಲಿ ಕೆಲಸಕ್ಕಿದ್ದಾನೆ, ಶನಿವಾರ ಬರುತ್ತಾನೆ. ಇಂಥ ವಿಷಯಗಳಲ್ಲಿ ಫೋನಿನಿಂದ ಧೈರ್ಯ ಹೇಳುವ ಖಾತೆ ಅವನದು.

ಕಂಪನಿಯವರು ಒಂದು ಷರತ್ತು ಹಾಕಿದ್ದರು. ಸಾಧಾರಣ ಮನೆಗಳಿಗೆ ಕೇಬಲ್‌ನವರು ಕೊಡುವ ಇಂಟರ್ನೆಟ್ ವಿಳಾಸ ಇವತ್ತೊಂದು ನಾಳೆಯೊಂದು, ಅದು ತನ್ನಷ್ಟಕ್ಕೆ ತಾನೇ ಬದಲಾಗುತ್ತಿರುತ್ತದೆ. ಇವರಿಗೆ ಬದಲಾಗದ ವಿಳಾಸ ಬೇಕು. ಅದಕ್ಕೆ ಸ್ಟ್ಯಾಟಿಕ್ ಐಪಿ ಎನ್ನುತ್ತಾರೆ. ಕಂಪ್ಯೂಟರಿಗೊಂದು, ಅವರೇ ಕಳಿಸಿದ ಫೋನಿನ ಡಬ್ಬಿಗೊಂದು. ಆ ಎರಡು ನಂಬರುಗಳನ್ನು ಅವರು ಬರೆದಿಟ್ಟುಕೊಂಡು ಅವಕ್ಕಷ್ಟೇ ತಮ್ಮ ಬಾಗಿಲು ತೆರೆಯುತ್ತಾರಂತೆ. ನಾನು ಮೂವತ್ನಾಲ್ಕು ವರ್ಷ ಸರಕಾರಿ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿದವಳು, ಒಂದು ಸಲ ಹೇಳಿದರೆ ಸಾಕು, ತಿಳಿಯುತ್ತದೆ. ಆದರೂ ಸೊಸೆ ಮೂರು ಸಲ ಹೇಳಿದಳು.

ಕೇಬಲ್‌ನವನನ್ನು ಕರೆಸಿದೆವು. ಕರೆಸಿದೆವು ಎಂದು ಬರೆಯುವುದು ಸಲೀಸು. ಸೋಮವಾರ ಬರುತ್ತೇನೆಂದ, ಬುಧವಾರ ಫೋನು ಎತ್ತಿದ.

"ಬಂದ ಬಿಟ್ಟೇನ್ರಿ ಅಕ್ಕೋರ, ಭೈರಿದೇವರಕೊಪ್ಪದಾಗ ಅದೇನಿ."

ಭೈರಿದೇವರಕೊಪ್ಪ ನಮ್ಮ ಮನೆಯಿಂದ ಕೂಗಿದರೆ ಕೇಳುವಷ್ಟು ಹತ್ತಿರ. ಅಲ್ಲಿಂದ ನಮ್ಮ ಮನೆಗೆ ಬರಲು ಅವನಿಗೆ ಎರಡು ದಿನ ಹಿಡಿಯಿತು. ಪಾಪ, ನಡೆದುಕೊಂಡೇ ಬಂದನೋ ಏನೋ.

"ಎರಡು ಕೊಡಪಾ ತಮ್ಮಾ," ಎಂದೆ.

"ಎರಡು ಕೊಡಾಕ ಬರಂಗಿಲ್ರಿ ಅಕ್ಕೋರ. ಒಂದು ತಗೋರಿ, ಇಲ್ಲಾ ಐದು ತಗೋರಿ."

"ನಮಗ ಬೇಕಾಗಿದ್ದು ಎರಡು."

"ಹಂಗಾರ ಐದು."

ಇಂಥ ಗಣಿತವನ್ನು ನಾನು ಯಾವ ತರಗತಿಗೂ ಕಲಿಸಿರಲಿಲ್ಲ. ಸೊಸೆ ಐದಕ್ಕೇ ಒಪ್ಪಿದಳು. ಅವನು ಕಿಸೆಯಿಂದ ಒಂದು ಮದುವೆ ಆಮಂತ್ರಣ ಪತ್ರಿಕೆ ತೆಗೆದು ಅದರ ಬೆನ್ನ ಮೇಲೆ ಐದು ನಂಬರುಗಳನ್ನು ಒಂದರ ಕೆಳಗೊಂದು ಬರೆದುಕೊಟ್ಟ. ಉದ್ದುದ್ದ ನಂಬರುಗಳು, ನಡುನಡುವೆ ಚುಕ್ಕಿ. ಕೊನೆಯ ಅಂಕಿಯೊಂದು ಬಿಟ್ಟರೆ ಐದೂ ಒಂದೇ ತರಹ. ಅವುಗಳ ಪಕ್ಕದಲ್ಲಿ ಕೇಬಲ್ ಕಚೇರಿಯದೇ ಆದ ಇನ್ನೊಂದು ನಂಬರು, ಅದು ಗೇಟಿನದಂತೆ, ಅದನ್ನು ಯಾರೂ ಮುಟ್ಟಬಾರದಂತೆ.

ಜೋಡಿಸುವ ಕೆಲಸ ಅವನದೇ ಎಂದು ನಾವು ತಿಳಿದಿದ್ದೆವು. ಅವನು ಮೋಡೆಮ್ಮಿನ ಮುಂದೆ ಕೂತು ಏನೋ ಒತ್ತಿದ, ಅದರ ಮೇಲಿನ ದೀಪಗಳೆಲ್ಲ ಆರಿದವು, ಮತ್ತೆ ಹತ್ತಿದವು. "ಆತ್ರಿ. ಇನ್ನ ಮೋಡೆಮ್ಮು ನಡುವ ಬಾಯಿ ಹಾಕಂಗಿಲ್ಲ, ನೆಟ್ಟಗ ದಾರಿ ಬಿಡತೈತಿ. ನಂಬರಷ್ಟ ನೀವ ತುಂಬಕೋರಿ," ಎಂದು ಚಹಾ ಕುಡಿದು ಎದ್ದ. ಬಾಯಿ ಹಾಕದೆ ದಾರಿ ಬಿಡುವ ಗುಣ ಮೋಡೆಮ್ಮಿಗಾದರೂ ಬಂತಲ್ಲ ಎಂದು ನನಗೆ ಸಂತೋಷವಾಯಿತು.

ನಂಬರು ತುಂಬುವುದಕ್ಕೆ ಸೊಸೆ ಒಂದು ಮಧ್ಯಾಹ್ನ ಪೂರ್ತಿ ಕೂತಳು. ನಾನು ಪತ್ರಿಕೆ ಹಿಡಿದು ಅಂಕಿ ಓದಿದೆ, ಅವಳು ಒತ್ತಿದಳು. ಯಂತ್ರ ನಾಲ್ಕು ಸಾಲು ಕೇಳುತ್ತದೆ, ಒಂದು ಚುಕ್ಕಿ ತಪ್ಪಿದರೆ ಮುಖ ಕೆಂಪು ಮಾಡಿಕೊಂಡು ಕೂರುತ್ತದೆ. ಸಂಜೆ ಹೊತ್ತಿಗೆ ಎರಡೂ ಯಂತ್ರಗಳು ಆ ಕಡೆಯವರ ಜೊತೆ ಮಾತಾಡಿದವು. ಸೊಸೆ ಕುರ್ಚಿಯಲ್ಲೇ ಕೂತು ಎರಡೂ ಕೈ ಮೇಲೆತ್ತಿ "ಹತ್ತಿತ್ರಿ ಅತ್ತಿಯವರ!" ಎಂದು ಕೂಗಿದಳು. ಏಳು ವರ್ಷದಲ್ಲಿ ಅವಳು ನಮ್ಮ ಮನೆಯಲ್ಲಿ ಅಷ್ಟು ದೊಡ್ಡ ದನಿ ತೆಗೆದದ್ದನ್ನು ನಾನು ಕೇಳಿರಲಿಲ್ಲ. ಎರಡು ನಂಬರು ಕೆಲಸಕ್ಕೆ ಹೋದವು, ಮೂರು ಖಾಲಿ ಉಳಿದವು. ಆಮಂತ್ರಣ ಪತ್ರಿಕೆಯನ್ನು ನಾನು ಫ್ರಿಜ್ಜಿನ ಮೇಲೆ ಇಟ್ಟೆ.

ಮುಂದಿನ ಸೋಮವಾರ ಕೆಲಸ ಶುರು. ಅವಳು ಕೋಣೆಯ ಬಾಗಿಲು ಮುಂದಕ್ಕೆ ತಳ್ಳಿಕೊಂಡು, ಕಿವಿಗೆ ಹೆಡ್‌ಫೋನು ಹಾಕಿಕೊಂಡು ಕೂತಳು. ಬಾಗಿಲಿಗೆ ಒಂದು ಚೀಟಿ: ಕೆಲಸ ನಡೆದಿದೆ, ಕರೆಯಬೇಡಿ. ಮೊದಲ ದಿನ ಲೈನು ಒಂದು ಸಲವೂ ಕಡಿಯಲಿಲ್ಲ.

ಮಂಗಳವಾರ ನಾನು ಹಿತ್ತಲಲ್ಲಿ ಬಟ್ಟೆ ಹಾಕುತ್ತಿದ್ದೆ. ಗೋಡೆಯ ಆಚೆಯಿಂದ ಪಕ್ಕದ ಮನೆಯ ಮ್ಯಾನೇಜರು ಕರೆದರು. ಬ್ಯಾಂಕಿನಿಂದ ನಿವೃತ್ತರಾದವರು, ಈಗ ಪೂರ್ಣಾವಧಿಗೆ ದಾಸವಾಳದ ಗಿಡಗಳನ್ನು ಕಾಯುತ್ತಾರೆ. ನಮ್ಮ ಬಡಾವಣೆಯಲ್ಲಿ ಬೆಳಗಿನ ವಾಕಿಂಗಿಗೆ ಹೋಗುವ ಭಕ್ತರೆಲ್ಲ ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ ಹಿಡಿದೇ ಹೋಗುತ್ತಾರೆ. ಪರರ ಗಿಡದ ಹೂವಿಗೆ ಪುಣ್ಯ ಹೆಚ್ಚು ಎಂದು ಯಾರು ಹೇಳಿದ್ದಾರೋ! ಅವರನ್ನು ಹಿಡಿಯಲು ಮ್ಯಾನೇಜರು ಮನೆಯ ಸುತ್ತ ಆರು ಕ್ಯಾಮೆರಾ ಹಾಕಿಸಿದ್ದರು. ತೊಂದರೆ ಏನೆಂದರೆ ಹೂ ಕಳುವಾಗುವ ಹೊತ್ತಿಗೆ ಅವರೂ ವಾಕಿಂಗಿಗೆ ಹೋಗಿರುತ್ತಾರೆ. ನಡೆಯುತ್ತಲೇ ಮೊಬೈಲಿನಲ್ಲಿ ನೋಡಬೇಕು. ಅಳಿಯ ಕೊಟ್ಟ ಹಳೆಯ ಕಾಲದ ಕ್ಯಾಮೆರಾ ಪೆಟ್ಟಿಗೆ, ಅದಕ್ಕೂ ಸ್ಟ್ಯಾಟಿಕ್ ಐಪಿ ಬೇಕಂತೆ.

"ಅಕ್ಕೋರ, ನಿಮ್ಮ ಕಡೆ ಐಪಿ ಖಾಲಿ ಬಿದ್ದಾವಂತಲ್ರಿ? ಕೇಬಲ್‌ನವ ಹೇಳಿದ. ನಮ್ಮ ಹೆಸರಿಗೆ ಬರೂ ತನಕ ಒಂದು ಕೊಡ್ರೆಲ್ಲಾ."

"ಅಯ್ಯ, ಅದಕ್ಕ್ಯಾಕ ಇಷ್ಟು ಕೇಳ್ತೀರಿ? ಸುಮ್ಮನ ಬಿದ್ದಾವ, ತಗೋರಿ," ಎಂದೆ.

ಇಪ್ಪತ್ತು ವರ್ಷದಿಂದ ಆ ಗೋಡೆಯ ಮೇಲೆ ಏಣಿ ಹೋಗಿದೆ, ಇಡ್ಲಿ ಪಾತ್ರೆ ಬಂದಿದೆ, ಹೆಪ್ಪಿಗೆ ಮೊಸರು ಅತ್ತಿತ್ತ ಓಡಾಡಿದೆ. ಇಲ್ಲ ಅನ್ನುವ ಶಬ್ದ ಆ ಗೋಡೆಗೆ ಗೊತ್ತಿಲ್ಲ. ಸೊಸೆಯನ್ನು ಒಂದು ಮಾತು ಕೇಳೋಣವೆಂದರೆ ಬಾಗಿಲಿಗೆ ಚೀಟಿ. ಮತ್ತೆ, ಇಂಥ ಸಣ್ಣ ವಿಷಯಕ್ಕೆ ಕೇಳುವುದೇನು? ನಾನು ಫ್ರಿಜ್ಜಿನ ಮೇಲಿನ ಪತ್ರಿಕೆ ತೆಗೆದೆ.

ಕೊಡುವುದಕ್ಕೆ ನಮ್ಮಲ್ಲಿ ಒಂದು ರೀತಿ ಇದೆ, ನನ್ನ ಅತ್ತೆ ಕಲಿಸಿದ್ದು. ಯಾರಾದರೂ ಮೊಸರು ಕೇಳಿದರೆ ಮೇಲಿನ ಕೆನೆಯ ಭಾಗ ಕೊಡಬೇಕು. ರೊಟ್ಟಿ ಕೊಟ್ಟರೆ ಬುಟ್ಟಿಯ ಮೇಲಿನದು, ಬಿಸಿಯದು. ತಳದಲ್ಲಿ ಉಳಿದದ್ದನ್ನು ಬಳಿದು ಕೊಟ್ಟರೆ ಕೊಟ್ಟ ಹಾಗಲ್ಲ. ಮ್ಯಾನೇಜರಂಥ ಮನುಷ್ಯನಿಗೆ ಐದರಲ್ಲಿ ಕಟ್ಟಕಡೆಯದನ್ನು ಕೊಡಲು ನನಗೆ ಮನಸ್ಸು ಬರಲಿಲ್ಲ. ಎಲ್ಲಕ್ಕಿಂತ ಮೇಲಿದ್ದ ನಂಬರನ್ನು ಸ್ಪಷ್ಟವಾಗಿ, ಉಕ್ತಲೇಖನ ಹೇಳುವ ಹಾಗೆ, ಎರಡೆರಡು ಸಲ ಓದಿ ಬರೆಸಿದೆ. ಅವರ ಕ್ಯಾಮೆರಾದವನು ಗೋಡೆ ಹತ್ತಿ ಒಂದು ತಂತಿ ಎಳೆದುತಂದು ನಮ್ಮ ಮೋಡೆಮ್ಮಿನ ಖಾಲಿ ತೂತಿಗೆ ಸಿಕ್ಕಿಸಿ ಹೋದ. ಮ್ಯಾನೇಜರ ಹೆಂಡತಿ ಒಂದು ತಟ್ಟೆ ಗಿರ್ಮಿಟ್ಟು ಕಳಿಸಿದರು. ನಾನು ಪರೋಪಕಾರದ ಸಂತೋಷದಲ್ಲಿ ಅದನ್ನು ಪೂರ್ತಿ ತಿಂದೆ.

ಆ ಮಧ್ಯಾಹ್ನವೇ ಸೊಸೆಯ ಲೈನು ಕಡಿಯಲು ಶುರುವಾಯಿತು.

ಮೊದಲು ಒಂದು ಸಲ, ಆಮೇಲೆ ಗಂಟೆಗೆರಡು ಸಲ. ಪೂರ್ತಿ ಹೋದರೆ ಹೋಯಿತು ಎನ್ನಬಹುದು. ಇದು ಹೋಗಿ ಬರುವುದು, ಬಂದು ಹೋಗುವುದು. ಆ ಕಡೆ ಡಾಕ್ಟರು ಮಾತು ಮುಂದುವರಿಸುತ್ತಿರುತ್ತಾರೆ, ಈ ಕಡೆ ಇವಳ ಕಿವಿಯಲ್ಲಿ ಸದ್ದಿಲ್ಲ. ಪರದೆಯ ಮೇಲೆ ಏನೋ ಇಂಗ್ಲಿಷ್ ಸೂಚನೆ ಬಂದು, ಓದುವಷ್ಟರಲ್ಲಿ ಮಾಯ. ಬುಧವಾರ ಕಂಪನಿಯಿಂದ ಎಚ್ಚರಿಕೆ ಬಂತು. ಗುರುವಾರ ಇನ್ನೊಂದು ಬಂತು. ಸೊಸೆ ತಾನೇ ನಂಬರು ತುಂಬುವಾಗ ತಪ್ಪು ಮಾಡಿದ್ದೇನೆಂದು ತಿಳಿದು, ನಸುಕಿನಲ್ಲಿ ಎದ್ದು, ಊಟದ ಬಿಡುವಿನಲ್ಲಿ ಕೂತು ಎಲ್ಲ ಅಳಿಸಿ ಮತ್ತೆ ತುಂಬುತ್ತಿದ್ದಳು. ಗುರುವಾರದ ಹೊತ್ತಿಗೆ ಹನ್ನೊಂದು ಸಲ ತುಂಬಿದ್ದಳು.

"ನನಗ ಆಗಂಗಿಲ್ಲೇನೋ ಬಿಡ್ರಿ ಅತ್ತಿಯವರ. ಏಳು ವರ್ಷ ಕೈ ಬಿಟ್ಟ ಮ್ಯಾಲೆ ತಲಿನ ಓಡವಲ್ದು," ಎಂದಳು. ತಟ್ಟೆಯಲ್ಲಿನ ರೊಟ್ಟಿ ಹಾಗೇ ಇತ್ತು.

ನನಗೆ ಸಂಕಟವಾದರೆ ನಾನು ಅಳುವುದಿಲ್ಲ, ಯಾರಿಗಾದರೂ ಬೈಯುತ್ತೇನೆ. ಕೇಬಲ್‌ನವನಿಗೆ ಫೋನು ಹಚ್ಚಿದೆ.

"ಮೋಡೆಮ್ಮು ಒಮ್ಮೆ ಆರಿಸಿ ಹಚ್ರಿ ಅಕ್ಕೋರ."

"ಆರಿಸಿ ಹಚ್ಚಿ ಹಚ್ಚಿ ಅದರ ಗುಂಡಿ ಸವದು ಹೋಗೇತಪಾ. ನಿನ್ನ ಆರಿಸಿ ಹಚ್ಚಿದ್ರ ಏನರ ಸುಧಾರಿಸ್ತಿ ಏನು ನೋಡಲ್ಯಾ?"

"ಸಿಟ್ಟಿಗೇಳಬ್ಯಾಡ್ರಿ. ನಮ್ಮ ಲೈನು ಬರೋಬ್ಬರಿ ಐತ್ರಿ. ನಿಮ್ಮನ್ಯಾಗ ಯಾರರ ಏನರ ಮುಟ್ಟ್ಯಾರ ನೋಡ್ರಿ."

"ನಮ್ಮನ್ಯಾಗ? ನಮ್ಮನ್ಯಾಗ ಮುಟ್ಟವರು ಯಾರದಾರೋ ಭಾಡ್ಯಾ, ಇರೂದು ನಾನು, ನನ್ನ ಸೊಸಿ, ಸಾಲಿಗೆ ಹೋಗೂ ಮೊಮ್ಮಗ!" ಎಂದು ಫೋನು ಇಟ್ಟೆ. ಬಡವರ ಹೊಟ್ಟೆಯ ಮೇಲೆ ಹೊಡೆಯುವವರು ಎಂದೆ, ಕಳ್ಳರು ಎಂದೆ, ಊರಲ್ಲಿ ಒಬ್ಬರಿಗೂ ತಮ್ಮ ಕೆಲಸದ ಮೇಲೆ ನಿಗಾ ಇಲ್ಲ ಎಂದು ಅಡುಗೆಮನೆಯಲ್ಲಿ ನಿಂತು ಗೋಡೆಗಳಿಗೆ ಅರ್ಧ ಗಂಟೆ ಉಪನ್ಯಾಸ ಕೊಟ್ಟೆ. ಮಗ ಗದಗಿನಿಂದ ಫೋನು ಮಾಡಿ ಧೈರ್ಯ ಹೇಳಿದ. ಅವನಿಗೂ ಬೈದೆ.

ಶುಕ್ರವಾರ ಬೆಳಿಗ್ಗೆ ಮ್ಯಾನೇಜರು ಗೋಡೆಗೆ ಬಂದರು. ಮುಖ ಸಪ್ಪಗಿತ್ತು. ಬ್ಯಾಂಕಿನಲ್ಲಿ ಸಾಲದ ಅರ್ಜಿ ತಿರಸ್ಕರಿಸುವಾಗ ಇಟ್ಟುಕೊಳ್ಳುತ್ತಿದ್ದ ಮುಖ ಅದೇ ಇರಬೇಕು.

"ತಪ್ಪು ತಿಳೀಬ್ಯಾಡ್ರಿ ಅಕ್ಕೋರ, ನೀವು ಕೊಟ್ಟ ನಂಬರ ಯಾಕೋ ಛಲೋ ಇಲ್ರಿ. ಮೂರು ದಿವಸ ಆತು, ನಡುನಡುವ ಕ್ಯಾಮೆರಾ ಬಂದ್ ಆಗತಾವ. ನಿನ್ನೆ ಬೆಳಗ ಮುಂಜಾನೆ ಒಬ್ಬಾಕಿ ಚೀಲ ತುಂಬ ಹೂ ಹರಕೊಂಡು ಹೋದ್ಲು, ಮುಖ ಕಾಣಬೇಕು ಅನ್ನೂದ್ರಾಗ ಹೋತು."

ದಾನ ಕೊಟ್ಟ ಸಾಮಾನಿನಲ್ಲಿ ಹುಳುಕು ಹುಡುಕುತ್ತಾನಲ್ಲ ಈ ಮನುಷ್ಯ ಎಂದು ನನಗೆ ಸಿಟ್ಟು ಏರಿತು. ಏನೋ ಅನ್ನುವುದರೊಳಗೆ ಅವರೇ ಮುಂದುವರಿಸಿದರು.

"ನಮ್ಮ ಕ್ಯಾಮೆರಾದವ ಅಂದ, ಈ ನಂಬರಿನ ಮ್ಯಾಲೆ ಇನ್ನೊಂದು ಯಾವುದೋ ಮಶೀನು ಕುಂತೈತಿ ಅಂತ. ಒಂದ ನಂಬರಿಗೆ ಇಬ್ಬರು ಕುಂತ್ರ ಒಬ್ಬರನ್ನೊಬ್ಬರು ಕೆಡವತಾರಂತ. ಅದು ಯಾವುದು ಅಂತ ನಿಮಗೇನರ ಗೊತ್ತೈತೇನ್ರಿ?"

ಅದು ಯಾವ ಮಷೀನು ಎಂದು ನನಗೆ ಗೊತ್ತಿತ್ತು. ನಮ್ಮ ಸೊಸೆ ಮೇಲಿನಿಂದಲೇ ಶುರುಮಾಡಿ ತುಂಬಿದ್ದಳು. ನಾನೇ ಓದಿ ಹೇಳಿದ್ದೆ. ಮೊದಲನೆಯದು ಕಂಪ್ಯೂಟರಿಗೆ, ಎರಡನೆಯದು ಫೋನಿನ ಡಬ್ಬಿಗೆ. ಆ ಮೊದಲನೆಯದನ್ನೇ ನಾನು ಕೆನೆಯೆಂದು ತೆಗೆದು ಗೋಡೆಯ ಮೇಲೆ ದಾಟಿಸಿದ್ದೆ. ಮೂರು ಖಾಲಿ ಇದ್ದವು. ಬುಡದ ಆ ಮೂರರಲ್ಲಿ ಯಾವುದನ್ನು ಕೊಟ್ಟಿದ್ದರೂ ಹೂ ಕಳ್ಳಿಯೂ ಸಿಗುತ್ತಿದ್ದಳು, ನನ್ನ ಸೊಸೆಯೂ ಊಟ ಮಾಡುತ್ತಿದ್ದಳು.

ಮ್ಯಾನೇಜರಿಗೆ ಉತ್ತರ ಕೊಡದೆ ಒಳಗೆ ಓಡಿದೆ. ಮೋಡೆಮ್ಮಿನಿಂದ ಅವರ ತಂತಿಯನ್ನು ಕಿತ್ತು ಕಿಟಕಿಯಿಂದ ಹೊರಗೆ ಬಿಟ್ಟೆ. ಸೊಸೆ ಆಗ ತಾನೇ ಕೆಲಸಕ್ಕೆ ಕೂರುವುದರಲ್ಲಿದ್ದಳು, ಹನ್ನೆರಡನೆಯ ಸಲ ನಂಬರು ತುಂಬಿ. ಆ ದಿನ ಲೈನು ಒಂದು ಸಲವೂ ಅಲುಗಲಿಲ್ಲ.

ಸಂಜೆ ಅವಳು ಕೋಣೆಯಿಂದ ಹೊರಗೆ ಬಂದಾಗ ಮುಖ ಅರಳಿತ್ತು. "ನಂದ ತಪ್ಪಿತ್ರಿ ಅತ್ತಿಯವರ. ಎಲ್ಲೋ ಒಂದು ಚುಕ್ಕಿ ತಪ್ಪಿ ಒತ್ತತಿದ್ದೆ ಅನಸ್ತೈತಿ. ಪಾಪ, ಆ ಕೇಬಲ್‌ನವಗ ಸುಮ್ಮನ ಬೈದ್ವಿ."

ನಾನು "ಹೂಂ" ಎಂದೆ.

ಬರೀ ಹೂಂ! ಮೂವತ್ನಾಲ್ಕು ವರ್ಷ ಮಕ್ಕಳಿಗೆ ಸುಳ್ಳು ಹೇಳಬೇಡಿರೋ ಎಂದು ಬೆತ್ತ ತೋರಿಸಿದವಳು, ತೊಗರಿಬೇಳೆ ಆರಿಸುತ್ತ ತಲೆ ತಗ್ಗಿಸಿ ಹೂಂ ಎಂದೆ. ಲೈನು ಸರಿಯಾಯಿತಲ್ಲ, ಇನ್ನು ಹೇಳಿ ಏನಾಗಬೇಕು ಎಂದು ನನಗೆ ನಾನೇ ನ್ಯಾಯ ಹೇಳಿಕೊಂಡೆ. ಆಚೆ ಮನೆಯವರು ಮಾತ್ರ ಸಿಟ್ಟಾಗಿದ್ದರು. ಹೇಳದೆ ಕೇಳದೆ ತಂತಿ ಕಿತ್ತದ್ದಕ್ಕೆ. ನಾನು ಕಳಿಸಿದ್ದ ಶೇಂಗಾ ಹೋಳಿಗೆಯ ತಟ್ಟೆ ಬರಿದಾಗಿ ತಿರುಗಿ ಬಂತು. ನಮ್ಮ ಕಡೆ ಬರಿ ತಟ್ಟೆ ವಾಪಸು ಕಳಿಸುವುದು ಎಂದರೆ ಬೈದ ಹಾಗೆಯೇ.

ಶನಿವಾರ ಬೆಳಿಗ್ಗೆ ಕಂಪನಿಯಿಂದ ಒಂದು ಫಾರ್ಮು ಬಂತು. ಮೂರು ದಿನ ಲೈನು ಕಡಿದದ್ದು ಯಾಕೆ, ತುಂಬಿ ಕಳಿಸಿ, ಆಮೇಲೆ ನಿರ್ಧಾರ ಹೇಳುತ್ತೇವೆ ಎಂದು. ಸೊಸೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದೇ ಪ್ರಶ್ನೆಯನ್ನು ಕನ್ನಡ ಮಾಡಿ ಓದಿದಳು.

"ಯಾರಿಂದ ಆತು ಅಂತ ಕೇಳ್ಯಾರ. ನನ್ನಿಂದ ಅಂತ ಹಾಕ್ತೇನ್ರಿ. ನಂಬರ ತುಂಬಾಕ ಬರಲಿಲ್ಲ ಅಂತ."

"ಹಂಗ ಬರದ್ರ ಕೆಲಸ ಕೊಡ್ತಾರೇನವಾ?"

"ಕೊಡಂಗಿಲ್ಲ ಅನಸ್ತೈತಿ. ಆದ್ರ ಖರೇನ ಹೇಳಬೇಕಲ್ರಿ."

ಅವಳು ಒತ್ತಲು ಶುರುಮಾಡಿದಳು. ನಾನು ಅವಳ ಮುಂಗೈ ಹಿಡಿದೆ.

"ನಿನ್ನಿಂದ ಅಲ್ಲವಾ. ನನ್ನಿಂದ."

ಎಲ್ಲ ಹೇಳಿದೆ. ಗೋಡೆ, ದಾಸವಾಳ, ಮೇಲಿನ ನಂಬರು, ಕಿತ್ತ ತಂತಿ, ನಿನ್ನೆ ಸಂಜೆಯ ಹೂಂ, ಯಾವುದನ್ನೂ ಬಿಡಲಿಲ್ಲ. ಅವಳು ಬೈಯಲಿ ಎಂದು ಕಾದೆ, ಅವಳು ಬೈಯಲಿಲ್ಲ. ಒತ್ತಿದ್ದನ್ನು ಅಳಿಸಿ, ಮನೆಯವರೊಬ್ಬರು ತನ್ನನ್ನು ಕೇಳದೆ ತನ್ನ ನಂಬರನ್ನು ಬೇರೆಯವರಿಗೆ ಕೊಟ್ಟರು ಎಂದು ಇಂಗ್ಲಿಷಿನಲ್ಲಿ ಬರೆದು ನನಗೆ ಓದಿ ಹೇಳಿದಳು. ಸರಿ ಎಂದೆ.

ಅವಳು ಮುಂದಿನ ಪ್ರಶ್ನೆ ಓದಿದಳು.

"ಇಂಥಾದ್ದು ಈ ಮೊದಲ ಎಂದರ ಆಗಿತ್ತೇನು ಅಂತ ಕೇಳ್ಯಾರ."

"ಇಲ್ಲ ಅಂತ ಬರಿಯವಾ. ಐಪಿ ಬಂದ ಹತ್ತ ದಿವಸ ಆಗಿಲ್ಲ."

"ಆಗಿತ್ರಿ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಸತ್ತೂರ ಕಡೆ ಲ್ಯಾಬಿಗೆ ಕೆಲಸಕ್ಕ ಹೋಗತಿದ್ನೆಲ್ರಿ, ಬಾಣಂತನ ಮುಗದ ಮ್ಯಾಲೆ ಯಾವಾಗ ಬರ್ತಾರ ಅಂತ ಅವರು ಫೋನ್ ಮಾಡಿದ್ರು. ನಾ ಕೂಸಿಗೆ ನೀರ ಎರೀತಿದ್ದೆ. ಕೂಸು ಸಣ್ಣದೈತಿ, ಆಕಿ ಇನ್ನ ಬರಂಗಿಲ್ಲ, ಬ್ಯಾರೇದವರನ್ನ ನೋಡಕೋರಿ ಅಂತ ನೀವ ಹೇಳಿದ್ರಿ. ನನ್ನ ಕೇಳಲಿಲ್ಲ."

ನನಗೆ ನೆನಪಿತ್ತು. ಮರೆತಿದ್ದೇನೆ ಎಂದು ತಿಳಿದಿದ್ದೆ, ಆದರೆ ಆ ಫೋನಿನ ಬಣ್ಣ ಕೂಡ ನೆನಪಿತ್ತು. ಹಾಗೆ ಹೇಳಿದ ನಾನಾದರೂ ಯಾರು? ಮೂರು ತಿಂಗಳ ಮಗುವನ್ನು ನನ್ನ ಅತ್ತೆಯ ಮಡಿಲಿಗೆ ಹಾಕಿ ಶಾಲೆಗೆ ನಡೆದವಳು. ನನ್ನ ಅತ್ತೆ ಯಾರ ಫೋನಿಗೂ ನನ್ನ ಪರವಾಗಿ ಉತ್ತರ ಕೊಟ್ಟಿರಲಿಲ್ಲ. ಇವಳು ಹಾಲೂಡಿಸುವ ಬಾಣಂತಿ, ಒಳ್ಳೆಯದನ್ನೇ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ. ಒಂದು ನಿಮಿಷದ ಮಾತು, ಏಳು ವರ್ಷ ಹೋಯಿತು. ಇಷ್ಟು ದಿನ ಅವಳು ಅದನ್ನು ಒಮ್ಮೆಯೂ ಆಡಿ ತೋರಿಸಿರಲಿಲ್ಲ.

"ಆಗಿತ್ತು ಅಂತನ ಬರಿ," ಎಂದೆ.

"ಕಂಪನಿಗೆ ಅದು ಬ್ಯಾಡ್ರಿ," ಎಂದು ಅವಳು ಇಲ್ಲ ಎಂಬುದಕ್ಕೆ ಗುರುತು ಹಾಕಿದಳು. "ಇನ್ನೊಂದ ಉಳದೈತಿ. ಮತ್ತ ಹಿಂಗ ಆಗದಂಗ ಏನ ಮಾಡ್ತೀರಿ ಅಂತ. ಇದನ್ನ ನೀವ ಬರೀರಿ. ಕನ್ನಡದಾಗ ಬರದ ಕೊಡ್ರಿ, ನಾ ಇಂಗ್ಲಿಷ್ ಮಾಡ್ತೇನಿ."

ಅವಳು ಮೊಮ್ಮಗನ ರಫ್ ನೋಟ್‌ಬುಕ್ಕು, ಪೆನ್ನು ಕೊಟ್ಟಳು. ಎಷ್ಟು ಸಾವಿರ ಮಕ್ಕಳ ವಾಕ್ಯ ತಿದ್ದಿದ್ದೇನೋ, ನನ್ನದೊಂದು ವಾಕ್ಯ ಬರೆಯಲು ಬರಲಿಲ್ಲ. ಎರಡು ಸಲ ಬರೆದು ಹೊಡೆದುಹಾಕಿದೆ. ಮೂರನೆಯ ಸಲ ಬರೆದೆ: ಇನ್ನು ಮುಂದೆ ಅವಳದನ್ನು ಅವಳನ್ನು ಕೇಳದೆ ಯಾರಿಗೂ ಕೊಡುವುದಿಲ್ಲ, ಅವಳ ಪರವಾಗಿ ಯಾರಿಗೂ ಉತ್ತರ ಕೊಟ್ಟು ಅವಳ ಕೆಲಸ ಬಿಡಿಸುವುದಿಲ್ಲ.

ಅವಳು ಮೊದಲರ್ಧವನ್ನು ಇಂಗ್ಲಿಷ್ ಮಾಡಿ ತುಂಬಿ ಕಳಿಸಿದಳು. ಸೋಮವಾರ ಉತ್ತರ ಬಂತು, ಇನ್ನೂ ಆರು ದಿನ ನೋಡುತ್ತೇವೆ ಎಂದು. ನೋಡಿದರು, ಕೆಲಸ ಕೊಟ್ಟರು.

ಆದರೆ ಆ ಶನಿವಾರ, ಫಾರ್ಮು ಕಳಿಸಿದ ಮೇಲೆ, ನಾನು ನೋಟ್‌ಬುಕ್ಕು ಮುಚ್ಚಲು ಹೋದೆ. ಅವಳು ನನ್ನ ಕೈಯಿಂದ ತೆಗೆದುಕೊಂಡು ಆ ಹಾಳೆಯನ್ನು ಹರಿದು, ನಾಲ್ಕು ಮಡಿಕೆ ಮಾಡಿದಳು.

"ಉಳದ ಅರ್ಧ ನನಗ ಬೇಕ್ರಿ," ಎಂದು ತನ್ನ ಕಪಾಟಿನಲ್ಲಿ ಇಟ್ಟು ಬೀಗ ಹಾಕಿದಳು.